ಮಳೆ ಹಿಡಿದ ಮೇಲೆ ಮಾವು ಒಣಗಿಸುವುದು: ಐದು ತಟ್ಟೆಯ ಡ್ರೈಯರ್ ಮಲೆನಾಡಿಗೆ ಆಗಿಬರುತ್ತಾ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಪುರುಸೊತ್ತಿದ್ದವರು ಮುಂದೆ ಓದಿ. ಕರೆಂಟಿನಲ್ಲಿ ನಡೆಯುವ, ದುಂಡಗಿನ, ಐದು ತಟ್ಟೆಯ ಹಣ್ಣು ಒಣಗಿಸುವ ಡ್ರೈಯರ್‌ಗೆ ನನ್ನ ಕಡೆಯಿಂದ ಐದಕ್ಕೆ ಮೂರೂವರೆ. ಬಯಲುಸೀಮೆಯವರಿಗೆ ಇದು ಬೇಡವೇ ಬೇಡ, ಅವರ ಮನೆ ಮೇಲೆ ಪುಕ್ಕಟೆ ಡ್ರೈಯರ್ ದಿನಾ ಬೆಳಿಗ್ಗೆ ಹುಟ್ಟುತ್ತದೆ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಬೇಕು. ಆದರೆ ಅಂಗಡಿಯವರು ಹೇಳುವ ಕೆಲಸಕ್ಕಲ್ಲ, ಬೇರೆಯದಕ್ಕೆ.

ನಾನು ತಗೊಂಡದ್ದು ಪ್ಲಾಸ್ಟಿಕ್ಕಿನದು. ಅಡಿಯಲ್ಲಿ ಹೀಟರ್ ಮತ್ತು ಫ್ಯಾನ್, ಮೇಲೆ ಒಂದರ ಮೇಲೊಂದು ಜಾಲರಿ ತಟ್ಟೆ, ತಲೆ ಮೇಲೆ ತೂತಿರುವ ಮುಚ್ಚಳ. ಬೆಲೆ 4,000 ರೂಪಾಯಿ ಚಿಲ್ಲರೆ. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಆನ್‌ಲೈನ್‌ನಲ್ಲಿ ಹುಡುಕಿದರೆ ಇದೇ ಆಕಾರದ ಯಂತ್ರ ಬೇರೆ ಬೇರೆ ಸ್ಟಿಕರ್ ಅಂಟಿಸಿಕೊಂಡು ಕಾಣಿಸುತ್ತದೆ, ಹಾಗಾಗಿ ನಾನು ಹೇಳುವುದು ಈ ಜಾತಿಯ ಎಲ್ಲದಕ್ಕೂ ಹೆಚ್ಚುಕಡಿಮೆ ಅನ್ವಯಿಸುತ್ತದೆ. ಜೊತೆಗೆ ಬಂದ ಪುಸ್ತಕದಲ್ಲಿ ಮಾಂಸ ಒಣಗಿಸುವುದಕ್ಕೆ ಎರಡು ಪುಟ ಇದೆ, ಮಾವಿಗೆ ಒಂದು ಸಾಲು. ಆ ಒಂದು ಸಾಲೂ ಸುಮ್ನೆ ಇದೆ.

ಈಗ ವಿಷಯಕ್ಕೆ ಬರೋಣ. ನಮ್ಮ ಕಡೆ ಮಾವಿನ ಕಷ್ಟ ಏನು? ಕಾಯಿ ಇರುವಾಗ ಬಿಸಿಲಿರುತ್ತದೆ, ಹಣ್ಣಾಗುವಾಗ ಬಿಸಿಲು ಹೋಗಿರುತ್ತದೆ. ಏಪ್ರಿಲ್ ಪೂರ್ತಿ ಅಂಗಳದಲ್ಲಿ ಹಪ್ಪಳ ಸಂಡಿಗೆ ಒಣಗಿಸಿ ಮುಗಿಸುತ್ತೇವೆ. ಕಾಟು ಮಾವು, ಅಂದರೆ ಕಾಡು ಮಾವು, ಬೀಳಲು ಶುರುವಾಗುವುದು ಮೇ ನಡುವಿನಲ್ಲಿ, ಕೃತ್ತಿಕಾ ಮಳೆಯ ಗುಡುಗು ಕೇಳುತ್ತಾ. ರೋಹಿಣಿ ಬರುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆಯ ಮೇಲೆ ಆಕಾಶವನ್ನು ನಂಬುವ ಹಾಗಿಲ್ಲ. ಮೃಗಶಿರ ಹಿಡಿದ ಮೇಲಂತೂ ಮುಗಿದೇ ಹೋಯಿತು, ಬಟ್ಟೆ ಒಣಗಿದರೆ ಸಾಕು ಎನ್ನುವ ಪರಿಸ್ಥಿತಿ. ಮಾರುಕಟ್ಟೆಗೆ ಮಲ್ಲಿಕಾ, ನೀಲಂ ಥರದ ತಡವಾಗಿ ಬರುವ ಮಾವು ಇಳಿಯುವುದೂ ಆಗಲೇ. ಹಿಮಾಚಲದಿಂದ ಪ್ಲಮ್, ಪೀಚ್ ಬರುವುದೂ ಆಗಲೇ. ಅಂದರೆ ಓಟೆ (ಗೊರಟು) ಇರುವ ಹಣ್ಣೆಲ್ಲ ಒಟ್ಟಿಗೆ ಬಂದು ಕೂರುವ ಹೊತ್ತಿಗೆ ಸೂರ್ಯ ರಜೆ ಹಾಕಿರುತ್ತಾನೆ.

ಮಳೆಯಲ್ಲಿ ಈ ಯಂತ್ರ ಕೆಲಸ ಮಾಡುತ್ತಾ ಎಂದು ನನಗೂ ಅನುಮಾನ ಇತ್ತು. ಹೊರಗಿನ ಗಾಳಿಯೇ ನೀರು ಕುಡಿದು ಕೂತಿರುವಾಗ ಅದೇ ಗಾಳಿ ಊದಿದರೆ ಏನು ಒಣಗುತ್ತದೆ, ಅಲ್ವಾ? ಆದರೆ ಲೆಕ್ಕ ಬೇರೆ ಇದೆ. ಜೂನ್‌ನಲ್ಲಿ ನಮ್ಮ ಅಡುಗೆಮನೆಯ ಗಾಳಿ 25 ಡಿಗ್ರಿ, ತೇವಾಂಶ ಶೇ. 90 ಎಂದುಕೊಳ್ಳಿ. ಅದೇ ಗಾಳಿಯನ್ನು 57 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇ. 16–17ಕ್ಕೆ ಇಳಿಯುತ್ತದೆ. ನೀರು ಎಲ್ಲೂ ಹೋಗಿರುವುದಿಲ್ಲ, ಬಿಸಿ ಗಾಳಿಗೆ ಇನ್ನೂ ಎಷ್ಟೋ ಪಟ್ಟು ನೀರು ಹಿಡಿಯುವ ಶಕ್ತಿ ಬಂದಿರುತ್ತದೆ, ಅದಕ್ಕೇ ಹಣ್ಣಿನಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಒಳಗೆ ಒಣಗುತ್ತದೆ. ಒಂದೇ ಷರತ್ತು, ಒಂದು ಕಿಟಕಿ ತೆಗೆದಿಡಿ. ಕೋಣೆ ಪೂರ್ತಿ ಮುಚ್ಚಿಟ್ಟರೆ ಹಣ್ಣು ಬಿಟ್ಟ ನೀರನ್ನೇ ಯಂತ್ರ ಮತ್ತೆ ಮತ್ತೆ ಒಳಗೆ ಎಳೆದುಕೊಂಡು ಕೂರುತ್ತದೆ.

ಇದು ಅತಿ ಚೆನ್ನಾಗಿ ಮಾಡುವ ಕೆಲಸ ಯಾವುದು ಗೊತ್ತಾ? ಹಣ್ಣಲ್ಲ, ಉದುರಿದ ಕಾಯಿ.

ಮುಂಗಾರಿಗೆ ಮುಂಚೆ ಬರುವ ಗಾಳಿಮಳೆ ಗೊತ್ತಲ್ಲ, ಅರ್ಧ ಗಂಟೆ ಬೀಸಿ ಹೋದರೆ ಮರದಡಿ ಕಾಲಿಡಲು ಜಾಗ ಇರುವುದಿಲ್ಲ. ಬಲಿತ ಕಾಯಿಗಳು. ಬಿದ್ದ ಪೆಟ್ಟಿಗೆ ಒಂದು ಕಡೆ ಮೆತ್ತಗಾಗಿರುತ್ತವೆ, ಹಣ್ಣಿಗೆ ಹಾಕಿದರೆ ಕೊಳೆಯುತ್ತವೆ, ಉಪ್ಪಿನಕಾಯಿಗೆ ಹಾಕಿದರೆ ಜಾಡಿಯೇ ಕೆಡುತ್ತದೆ ಎಂದು ದೊಡ್ಡವರು ಒಪ್ಪುವುದಿಲ್ಲ. ಮನೆಯಲ್ಲಿ ಎರಡು ದಿನ ಮಾವಿನಕಾಯಿ ಚಿತ್ರಾನ್ನ, ಮೂರನೇ ದಿನ ಗೊಜ್ಜು, ನಾಲ್ಕನೇ ದಿನ ಯಾರೂ ತಟ್ಟೆ ಮುಂದೆ ಕೂರುವುದಿಲ್ಲ. ಉಳಿದದ್ದು ಗೊಬ್ಬರದ ಗುಂಡಿಗೆ. ಈ ಕಾಯಿಗೆ ಡ್ರೈಯರ್ ಹೇಳಿ ಮಾಡಿಸಿದ ಹಾಗಿದೆ. ಪೆಟ್ಟು ತಿಂದ ಭಾಗ ಕೆತ್ತಿ ಎಸೆದು, ಸಿಪ್ಪೆ ತೆಗೆದು, ನಾಲ್ಕೈದು ಮಿಲಿಮೀಟರ್ ದಪ್ಪಕ್ಕೆ ಹೋಳು ಮಾಡಿ, ಸ್ವಲ್ಪ ಉಪ್ಪು ಅರಿಶಿನ ಸವರಿ ರಾತ್ರಿ ಹಾಕಿದರೆ ಬೆಳಿಗ್ಗೆ ಎದ್ದು ಕಾಫಿ ಕುಡಿಯುವ ಹೊತ್ತಿಗೆ ಲಟ್ಟನೆ ಮುರಿಯುವ ಹಾಗೆ ಒಣಗಿರುತ್ತದೆ. ಕಾಯಿಯಲ್ಲಿ ಸಕ್ಕರೆ ಕಡಿಮೆ, ಹುಳಿ ಜಾಸ್ತಿ, ಅದಕ್ಕೇ ಅಂಟುವುದಿಲ್ಲ, ಬೇಗ ಒಣಗುತ್ತದೆ, ಬೇಗ ಕೆಡುವುದೂ ಇಲ್ಲ. ತಟ್ಟೆ ತೊಳೆಯುವುದೂ ಸುಲಭ.

ಆಮೇಲೆ ಶ್ರಾವಣದಲ್ಲಿ ಸಾರಿಗೆ, ತೊವ್ವೆಗೆ ಹುಣಸೆಹಣ್ಣಿನ ಬದಲು ನಾಲ್ಕು ಹೋಳು ಹಾಕಿ ನೋಡಿ. ಬಿಸಿನೀರಲ್ಲಿ ನೆನೆಸಿ ಕಿವುಚಿ, ನೀರು ಜಾಸ್ತಿ ಮಾಡಿ, ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಟ್ಟರೆ ನಮ್ಮ ಕಡೆಯ ತೆಳು ಮಾವಿನ ಸಾರು ಅಪ್ಪೆಹುಳಿಯ ಹತ್ತಿರಕ್ಕೆ ಬರುತ್ತದೆ. ಹತ್ತಿರಕ್ಕೆ ಅಷ್ಟೇ. ಅಪ್ಪೆ ಮಾವಿನ ಜೀವ ಇರುವುದು ಅದರ ಸೊನೆಯ ಘಮದಲ್ಲಿ, ಬಿಸಿ ಗಾಳಿ ಮೊದಲು ಓಡಿಸುವುದು ಅದನ್ನೇ. ಹಾಗಾಗಿ ಯಾರಾದರೂ ಅಪ್ಪೆಮಿಡಿಯನ್ನು, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆಯ ಅಪ್ಪೆ ಕಾಯನ್ನು, ಡ್ರೈಯರ್‌ಗೆ ಹಾಕುವ ಯೋಚನೆ ಮಾಡಿದ್ದರೆ ದಯವಿಟ್ಟು ಬೇಡ. ರಿಪ್ಪನ್‌ಪೇಟೆಯಲ್ಲಿ ಎಣಿಸಿ ಎಣಿಸಿ ದುಡ್ಡು ಕೊಟ್ಟು ತಂದ ಮಿಡಿ ಅದು. ಅದಕ್ಕೆ ಉಪ್ಪು, ಜಾಡಿ, ಸಮಯ ಸಾಕು. ಉಪ್ಪಿನಲ್ಲಿ ಕೂತು ತಾನೇ ನೀರು ಬಿಟ್ಟು ಸುರುಟಿಕೊಳ್ಳುತ್ತದೆ, ಘಮ ಎಲ್ಲೂ ಹೋಗುವುದಿಲ್ಲ. ಅಲ್ಲಿ ಯಂತ್ರಕ್ಕೆ ಕೆಲಸವೇ ಇಲ್ಲ.

ಒಂದು ಮಾತು, ಒಣಗಿದ ಹೋಳನ್ನು ಒಟ್ಟಿಗೆ ಪುಡಿ ಮಾಡಿಡಬೇಡಿ. ಮಳೆಗಾಲದಲ್ಲಿ ಪುಡಿ ಗಟ್ಟಿಯಾಗಿ ಇಟ್ಟಿಗೆ ಆಗುತ್ತದೆ. ಹೋಳಾಗಿಯೇ ಇಟ್ಟು, ಬೇಕಾದಾಗ ಬೇಕಾದಷ್ಟು ಮಿಕ್ಸಿಗೆ ಹಾಕಿ.

ಹಣ್ಣಿನ ಹೋಳಿಗೆ ಬರೋಣ. ಇಲ್ಲಿ ಯಾವ ಮಾವು ಎನ್ನುವುದೇ ಮುಖ್ಯ. ರಸಪುರಿ ಹೆಸರಿಗೆ ತಕ್ಕ ಹಾಗೆ ಪೂರ್ತಿ ರಸ, ಕೊಯ್ದರೆ ಕೈಯಲ್ಲೇ ನಿಲ್ಲುವುದಿಲ್ಲ, ತಟ್ಟೆಯ ತೂತಿನಿಂದ ಕೆಳಗೆ ತೊಟ್ಟಿಕ್ಕುತ್ತದೆ. ತೋತಾಪುರಿ ಗಟ್ಟಿ, ಹೋಳು ಅಂದವಾಗಿ ಬರುತ್ತದೆ, ರುಚಿ ಸಪ್ಪೆ. ಬಾದಾಮಿ ಚೆನ್ನಾಗಿ ಬರುತ್ತದೆ, ಆದರೆ ಆ ಬೆಲೆಗೆ ತಂದ ಬಾದಾಮಿಯನ್ನು ಒಣಗಿಸುವ ಮನಸ್ಸು ಯಾರಿಗೆ ಬರುತ್ತದೆ? ನನ್ನ ಓಟು ಮಲ್ಲಿಕಾಗೆ. ನಾರಿಲ್ಲ, ತಿರುಳು ಗಟ್ಟಿ, ಸಿಹಿ ಜೋರು, ಓಟೆ ತೆಳು. ಜೂನ್‌ನಲ್ಲಿ ಬೆಲೆಯೂ ಇಳಿದಿರುತ್ತದೆ. ಪೂರ್ತಿ ಹಣ್ಣಾಗುವ ಸ್ವಲ್ಪ ಮುಂಚೆ, ಒತ್ತಿದರೆ ತುಸು ಬಗ್ಗುವ ಹಂತದಲ್ಲಿ ಕೊಯ್ಯಬೇಕು. ಆರು ಮಿಲಿಮೀಟರ್ ದಪ್ಪ. ನಿಂಬೆರಸ ಹಿಂಡಿದ ನೀರಲ್ಲಿ ಐದು ನಿಮಿಷ ಅದ್ದಿ ತೆಗೆದರೆ ಬಣ್ಣ ಅಷ್ಟಾಗಿ ಕಪ್ಪಾಗುವುದಿಲ್ಲ. ಆದರೂ ಅಂಗಡಿಯ ಒಣಹಣ್ಣಿನ ಬಣ್ಣ ಬರುವುದಿಲ್ಲ, ಕಾಯಬೇಡಿ. ಅಂಗಡಿಯಲ್ಲಿ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಏಪ್ರಿಕಾಟ್ ಇರುತ್ತದಲ್ಲ, ಅದಕ್ಕೆ ಗಂಧಕದ ಹೊಗೆ ಕೊಟ್ಟಿರುತ್ತಾರೆ. ಕೊಡದಿದ್ದರೆ ಅದೂ ಕಂದೇ.

ಉಷ್ಣಾಂಶದ ಗುಂಡಿ 35ರಿಂದ 70 ಡಿಗ್ರಿವರೆಗೆ ತಿರುಗುತ್ತದೆ. ಬೇಗ ಆಗಲಿ ಎಂದು 70ಕ್ಕೆ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ತಿರುಗಿಸಬೇಡಿ. ಹೊರಗಿನ ಪದರ ಮೊದಲೇ ಒಣಗಿ ಗಟ್ಟಿಯಾಗಿ ಬಾಗಿಲು ಹಾಕಿಕೊಂಡುಬಿಡುತ್ತದೆ, ಒಳಗಿನ ನೀರಿಗೆ ಹೊರಗೆ ಬರಲು ದಾರಿ ಇರುವುದಿಲ್ಲ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಬಾಟಲಿಗೆ ಹಾಕಿದ ಮೇಲೆ ಬೂಸ್ಟು ಬರುತ್ತದೆ. ಹಣ್ಣಿಗೆ 57 ಡಿಗ್ರಿ, ಜಾಸ್ತಿ ಅಂದರೆ 60. ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ, ರಸ ಜಾಸ್ತಿ ಇದ್ದರೆ ಇನ್ನೂ ಎರಡು ಗಂಟೆ. ಒಂದು ಹೋಳು ತಣ್ಣಗಾದ ಮೇಲೆ ಮಡಚಿ ನೋಡಿ, ತನಗೆ ತಾನೇ ಅಂಟಬಾರದು. ಹರಿದು ಹಿಂಡಿದರೆ ಒಂದು ಹನಿಯೂ ಬರಬಾರದು. ಬಿಸಿ ಇರುವಾಗ ನೋಡಿದರೆ ಎಲ್ಲವೂ ಮೆತ್ತಗೇ ಅನ್ನಿಸುತ್ತದೆ, ಅದಕ್ಕೇ ತಣಿಸಿ ನೋಡಬೇಕು.

ಗುಂಡಿಯಲ್ಲಿ ತೋರಿಸುವ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಅಡುಗೆ ಥರ್ಮಾಮೀಟರ್ ಇಟ್ಟು ನೋಡಿದರೆ ನನ್ನದರಲ್ಲಿ ಅಡಿ ತಟ್ಟೆ ಹೇಳಿದ್ದಕ್ಕಿಂತ ಬಿಸಿ, ಮೇಲಿನ ತಟ್ಟೆ ತಣ್ಣಗೆ. ಫ್ಯಾನ್ ಅಡಿಯಲ್ಲಿ ಇರುವ ದುಂಡಗಿನ ಡ್ರೈಯರ್‌ಗಳ ಜಾಯಮಾನವೇ ಇದು. ಮೂರು ನಾಲ್ಕು ಗಂಟೆಗೊಮ್ಮೆ ತಟ್ಟೆಗಳ ಜಾಗ ಬದಲಿಸಬೇಕು. ಹಾಕಿ ಮರೆತುಬಿಡಿ ಎಂದು ಜಾಹೀರಾತಿನಲ್ಲಿ ಇರುತ್ತದೆ, ಹಾಗೇನೂ ಇಲ್ಲ.

ಇನ್ನು ಬೇಜಾರಿನ ವಿಷಯ. ಮಲೆನಾಡಿನಲ್ಲಿ ಯಾವ ಮಾವು ರಾಶಿ ರಾಶಿ ಇದೆಯೋ ಅದಕ್ಕೇ ಈ ಯಂತ್ರ ಪ್ರಯೋಜನವಿಲ್ಲ. ಕಾಟು ಮಾವಿನಲ್ಲಿ ಹೋಳು ಮಾಡಲು ಏನಿದೆ? ದೊಡ್ಡ ಓಟೆ, ಅದರ ಸುತ್ತ ನಾರು, ನಾರಿನ ನಡುವೆ ರಸ. ಚೀಪಬೇಕು, ಇಲ್ಲ ಗೊಜ್ಜು ಸಾಸಿವೆ ಮಾಡಬೇಕು. ಉಳಿಸಿಡಬೇಕು ಅಂದರೆ ಹಿಂಡಿ, ರಸವನ್ನು ಹಾಳೆಯ ಹಾಗೆ ಒಣಗಿಸಿ ಮಾಂಬಳ ಹಾಕಬೇಕು. ಡ್ರೈಯರ್ ಜೊತೆ ಮಾಂಬಳಕ್ಕೆಂದು ತೂತಿಲ್ಲದ ತಟ್ಟೆ ಕೊಡುತ್ತಾರೆ, ಒಂದೇ ಒಂದು, ನಡುವೆ ಗಾಳಿಗೆ ದೊಡ್ಡ ತೂತು ಇರುವ ಬಳೆಯಾಕಾರದ್ದು. ಅದರ ಮೇಲೆ ಎರಡು ಸೌಟು ರಸ ಹಿಡಿಯುತ್ತದೆ. ನಮ್ಮಮ್ಮ ಒಂದು ಬುಟ್ಟಿ ಹಣ್ಣು ಹಿಂಡಿ ಕೊಳಗದಲ್ಲಿ ರಸ ಇಟ್ಟುಕೊಂಡು ಈ ತಟ್ಟೆ ನೋಡಿ, "ಇದು ಯಾವ ಮೂಲೆಗೆ ಸಾಲುತ್ತೆ ಮಾರಾಯ್ತಿ?" ಅಂದರು. ಅಷ್ಟೇ ವಿಮರ್ಶೆ ಸಾಕು.

ಬಟರ್ ಪೇಪರ್ ಕತ್ತರಿಸಿ ಬೇರೆ ತಟ್ಟೆಗಳ ಮೇಲೂ ಹಾಸಿ ಮಾಡಬಹುದು. ಆಗ ಗಾಳಿಯ ದಾರಿ ಅರ್ಧ ಮುಚ್ಚಿ, ಹೊತ್ತು ಒಂದೂವರೆ ಪಟ್ಟು ಆಗುತ್ತದೆ. ಬರುವ ಮಾಂಬಳವೂ ತೆಳ್ಳಗೆ, ಬಣ್ಣ ಚೆಂದ, ಆದರೆ ಅದು ಬೇರೆಯೇ ತಿಂಡಿ. ಬಿಸಿಲಿನದ್ದು ತುಪ್ಪ ಸವರಿದ ತಟ್ಟೆಯ ಮೇಲೆ ಇವತ್ತೊಂದು ಪದರ, ನಾಳೆ ಅದರ ಮೇಲೊಂದು ಪದರ ಎಂದು ವಾರಗಟ್ಟಲೆ ಕೂತು ಕಪ್ಪಾಗಿ ದಪ್ಪವಾಗುತ್ತದಲ್ಲ, ಆ ಹುಳಿಸಿಹಿ ಒಗರು ಒಂದು ರಾತ್ರಿಯಲ್ಲಿ ಬರುವುದಿಲ್ಲ. ಮಕ್ಕಳು ಯಂತ್ರದ್ದನ್ನು ಇಷ್ಟಪಟ್ಟು ತಿನ್ನುತ್ತಾರೆ. ನನಗೆ ಹಿಡಿಸಲಿಲ್ಲ.

ಮಾಂಬಳ ಜಾಸ್ತಿ ಹಾಕುವ ತೋಟದ ಮನೆಯವರಿಗೆ ಒಂದು ಉಪಾಯ. ಈಗ ಎಷ್ಟೋ ಕಡೆ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಮನೆ ಕಟ್ಟಿಸಿದ್ದಾರೆ. ಕೊಯ್ಲು ಮುಗಿದ ಮೇಲೆ ಬೇಸಿಗೆ ಪೂರ್ತಿ ಅದು ಖಾಲಿ. ಮೇ ತಿಂಗಳಲ್ಲಿ ಬಿಸಿಲಿದ್ದಾಗ ಒಳಗೆ 50 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಮಳೆ ಬಂದರೂ ಓಡಿ ಹೋಗಿ ಎತ್ತಬೇಕಾಗಿಲ್ಲ, ಇರುವೆ ಕೋತಿಗಳ ಕಾಟವೂ ಕಡಿಮೆ. ನೆಲ, ಬೆಂಚು ಚೆನ್ನಾಗಿ ತೊಳೆದು, ಅಡಿಕೆ ಚೊಗರಿನ ವಾಸನೆ ಹೋದ ಮೇಲೆ, ತಟ್ಟೆಗೆ ತೆಳು ಬಟ್ಟೆ ಮುಚ್ಚಿ ಇಡಬೇಕು. 4,000 ರೂಪಾಯಿ ಉಳಿಯುತ್ತದೆ. ಆದರೆ ಮೋಡ ಕಟ್ಟಿದ ದಿನ ಅದೂ ಕೈಕೊಡುತ್ತದೆ ಅನ್ನಿ.

ಪ್ಲಮ್, ಪೀಚ್ ಬಗ್ಗೆ ಎರಡು ಮಾತು. ಪ್ಲಮ್‌ಗೆ ಈ ಯಂತ್ರ ಚೆನ್ನಾಗಿದೆ, ಮಾವಿಗಿಂತ ಚೆನ್ನಾಗಿದೆ ಅಂದರೂ ತಪ್ಪಿಲ್ಲ. ಅದರ ಸಿಪ್ಪೆ ಮೇಲೆ ಮೇಣದಂಥ ಪದರ ಇರುತ್ತದೆ, ನೀರನ್ನು ಹೊರಗೆ ಬಿಡುವುದಿಲ್ಲ. ಕುದಿಯುವ ನೀರಲ್ಲಿ ಅರ್ಧ ನಿಮಿಷ ಅದ್ದಿ ತಣ್ಣೀರಿಗೆ ಹಾಕಿದರೆ ಸಿಪ್ಪೆ ಅಲ್ಲಲ್ಲಿ ಬಿರಿಯುತ್ತದೆ. ಆಮೇಲೆ ಎರಡು ಹೋಳು ಮಾಡಿ, ಓಟೆ ತೆಗೆದು, ಬೆನ್ನಿನ ಕಡೆಯಿಂದ ಹೆಬ್ಬೆರಳಲ್ಲಿ ಒತ್ತಿ ಒಳಮೈ ಹೊರಗೆ ಬರುವ ಹಾಗೆ ಮಾಡಿ ಇಡಿ, ಗಾಳಿ ಚೆನ್ನಾಗಿ ತಾಗುತ್ತದೆ. ಹೊತ್ತು ಜಾಸ್ತಿ, ಹದಿನೈದು ಗಂಟೆಯ ಮೇಲೇ. ಹುಳಿ ಪ್ಲಮ್ ಒಣಗಿದ ಮೇಲೆ ಅದ್ಭುತ. ಪೀಚ್ ಸಿಪ್ಪೆಯನ್ನೂ ಹೀಗೇ ಬಿಸಿನೀರಲ್ಲಿ ಅದ್ದಿ ಸುಲಿಯಬೇಕು. ಆದರೆ ನಮ್ಮೂರು ತಲುಪುವಷ್ಟರಲ್ಲಿ ಅದಕ್ಕೆ ಅರ್ಧ ಜೀವ, ರುಚಿ ಇಲ್ಲದ ಹಣ್ಣು ಒಣಗಿಸಿದರೆ ರುಚಿ ಇಲ್ಲದ ಒಣಹಣ್ಣು ಸಿಗುತ್ತದೆ. ಈ ಹಣ್ಣುಗಳ ಓಟೆ ಒಡೆದು ಒಳಗಿನ ಬೀಜವನ್ನು ಬಾದಾಮಿ ಥರ ತಿನ್ನಲು ಮಕ್ಕಳಿಗೆ ಬಿಡಬೇಡಿ. ಪೀಚ್, ಪ್ಲಮ್, ಏಪ್ರಿಕಾಟ್ ಬೀಜದಲ್ಲಿರುವ ಒಂದು ಅಂಶ ಹೊಟ್ಟೆಗೆ ಹೋದ ಮೇಲೆ ಸಯನೈಡ್ ಬಿಡುತ್ತದೆ.

ಒಣಗಿಸುವುದು ಅರ್ಧ ಕೆಲಸ, ಇಡುವುದು ಇನ್ನರ್ಧ. ತೆಗೆದ ಹೋಳನ್ನು ತಣಿಸಲು ಬಿಟ್ಟು ಸಂತೆಗೆ ಹೋಗಿ ಬಂದರೆ ಮಳೆಗಾಲದ ಗಾಳಿ ಅದನ್ನು ಮತ್ತೆ ಮೆತ್ತಗೆ ಮಾಡಿರುತ್ತದೆ. ತಣಿದ ಕೂಡಲೇ ಗಾಜಿನ ಬಾಟಲಿಗೆ ಹಾಕಬೇಕು. ಹಳೆ ಹಾರ್ಲಿಕ್ಸ್ ಗಾಜಿನ ಬಾಟಲಿ ಇನ್ನೂ ಅಟ್ಟದಲ್ಲಿ ಇದ್ದರೆ ಇಳಿಸಿ, ಮುಚ್ಚಳ ಬಿಗಿ ಇದ್ದರೆ ಅದೇ ಸಾಕು. ಸ್ಟೀಲ್ ಡಬ್ಬಿ ಬೇಡ, ಗಾಳಿ ಆಡುತ್ತದೆ. ಮೊದಲ ವಾರ ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಿ, ದಿನಾ ಒಮ್ಮೆ ಕುಲುಕಿ. ಕೆಲವು ಹೋಳು ಚೆನ್ನಾಗಿ ಒಣಗಿರುತ್ತವೆ, ಕೆಲವು ಇರುವುದಿಲ್ಲ, ಕುಲುಕಿದಾಗ ತೇವ ಎಲ್ಲದಕ್ಕೂ ಹಂಚಿಹೋಗುತ್ತದೆ. ಗಾಜಿನ ಒಳಗೆ ಬೆವರು ಕಂಡರೆ ಎಲ್ಲವನ್ನೂ ವಾಪಸ್ ಡ್ರೈಯರ್‌ಗೆ ಹಾಕಿ. ಬೂಸ್ಟು ಕಂಡರೆ ಆರಿಸಿ ತಿನ್ನುವ ಲೋಭ ಬೇಡ, ಪೂರ್ತಿ ಬಾಟಲಿ ಚೆಲ್ಲಿ.

ಈಗ ಖರ್ಚು. ನನ್ನದು 350 ವ್ಯಾಟ್. ಹನ್ನೆರಡು ಗಂಟೆ ಓಡಿದರೆ 4 ಯೂನಿಟ್ ಆಸುಪಾಸು. ಐದು ತಟ್ಟೆಗೆ ಹಿಡಿಯುವುದು ಸುಮಾರು 2 ಕಿಲೋ ಮಾವು, ಸಿಪ್ಪೆ ಓಟೆ ಹೋಗಿ ಒಣಗಿದ ಮೇಲೆ ಕೈಗೆ ಬರುವುದು ಕಾಲು ಕಿಲೋಗಿಂತ ಕಡಿಮೆ. ಗೃಹಜ್ಯೋತಿಯಲ್ಲಿ ಇರುವವರು ಸ್ವಲ್ಪ ಲೆಕ್ಕ ಇಟ್ಟುಕೊಳ್ಳಿ. ನಿಮ್ಮ ಮನೆಗೆ ನಿಗದಿಯಾದ ಯೂನಿಟ್‌ಗಿಂತ ಜಾಸ್ತಿ ಉರಿಸಿದರೆ ಆ ಜಾಸ್ತಿಗೆ ದುಡ್ಡು ಕಟ್ಟಬೇಕು, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲೇ ಕೈಗೆ ಬರುತ್ತದೆ. ಮೇ ಜೂನ್‌ನಲ್ಲಿ ದಿನಾ ರಾತ್ರಿ ಓಡಿಸಿದರೆ 100 ಯೂನಿಟ್ ದಾಟುವುದು ಏನೂ ದೊಡ್ಡ ಮಾತಲ್ಲ.

ಕರೆಂಟ್ ಹೋದರೆ? ಒಂದೆರಡು ಗಂಟೆ ಪರವಾಗಿಲ್ಲ, ಮುಚ್ಚಳ ತೆಗೆದಿಡಿ, ಬಂದ ಮೇಲೆ ಮುಂದುವರಿಸಿ. ಮರ ಬಿದ್ದು ಎರಡು ದಿನ ಹೋಗುವ ಊರುಗಳಲ್ಲಿ ಅರ್ಧ ಒಣಗಿದ ಮಾವು ಒಲೆಯ ಮೇಲೆ ಜಾಮ್ ಆಗಬೇಕಷ್ಟೇ. ನನ್ನ ಯಂತ್ರದಲ್ಲಿ ಇನ್ನೊಂದು ತರಲೆ ಇದೆ, ಕರೆಂಟ್ ಹೋಗಿ ಬಂದರೆ ಟೈಮರ್ ಮರೆತುಹೋಗುತ್ತದೆ, ತಾನಾಗಿ ಶುರುವಾಗುವುದಿಲ್ಲ. ರಾತ್ರಿ ಹಾಕಿ ಮಲಗಿದಾಗ ಹೀಗಾದರೆ ಬೆಳಿಗ್ಗೆ ಎದ್ದಾಗ ಹುಳಿ ವಾಸನೆ. ಕೊಳ್ಳುವಾಗ ಟೈಮರ್ ಕೂಡ ಕೈಯಲ್ಲಿ ತಿರುಗಿಸುವ ಗುಂಡಿಯದ್ದೇ ನೋಡಿ ತಗೊಳ್ಳಿ, ಟಚ್ ಬಟನ್ನಿನದು ಬೇಡ. ಸದ್ದು ಟೇಬಲ್ ಫ್ಯಾನಿನಷ್ಟು. ಮಲಗುವ ಕೋಣೆಯ ಪಕ್ಕ ಇಡಬೇಡಿ.

ಸರ್ವಿಸ್ ವಿಷಯದಲ್ಲೇ ಒಂದು ನಕ್ಷತ್ರ ಕಳೆದಿದ್ದೇನೆ. ಒಂದು ತಟ್ಟೆಯ ಅಂಚು ಸೀಳು ಬಿಟ್ಟಿತು. ಫೋನ್ ಮಾಡಿದರೆ ಬಿಡಿ ತಟ್ಟೆ ಸಿಗುವುದಿಲ್ಲ, ಪೂರ್ತಿ ಸೆಟ್ ತಗೊಳ್ಳಿ ಎಂದರು. ಶಿವಮೊಗ್ಗದಲ್ಲಿ ರಿಪೇರಿ ಕೇಂದ್ರ ಇಲ್ಲ, ಬೆಂಗಳೂರಿಗೆ ಕೊರಿಯರ್ ಮಾಡಬೇಕಂತೆ, ಖರ್ಚು ನಮ್ಮದೇ. ಕೊನೆಗೆ ದುರ್ಗಿಗುಡಿಯ ಕಡೆ ಮಿಕ್ಸಿ ರಿಪೇರಿ ಮಾಡುವವರೊಬ್ಬರು ಅಂಟು ಹಾಕಲಾ ಎಂದು ಕೇಳಿದರು. ಆಹಾರ ಇಡುವ ತಟ್ಟೆಗೆ, ಅದೂ ಬಿಸಿಗೆ, ಅಂಟು ಬೇಡ ಎಂದೆ. ಈಗ ನಾಲ್ಕೇ ತಟ್ಟೆಯಲ್ಲಿ ನಡೆಯುತ್ತಿದೆ.

ಹಿಂದುಗಡೆ ಫ್ಯಾನ್ ಇರುವ ಚೌಕ ಪೆಟ್ಟಿಗೆಯ ಡ್ರೈಯರ್ ಬರುತ್ತದೆ, ಸ್ಟೀಲ್ ಜಾಲರಿಯದ್ದು. ಗಾಳಿ ಎಲ್ಲ ತಟ್ಟೆಗೂ ಅಡ್ಡಡ್ಡ ಹಾಯುವುದರಿಂದ ಜಾಗ ಬದಲಿಸುವ ಕೆಲಸ ಕಡಿಮೆ, ರಸ ತೊಟ್ಟಿಕ್ಕಿದರೂ ಹೀಟರ್ ಮೇಲೆ ಬೀಳುವುದಿಲ್ಲ, ತಟ್ಟೆಯ ನಡುವೆ ತೂತು ಇಲ್ಲದ್ದರಿಂದ ಮಾಂಬಳಕ್ಕೂ ಜಾಗ ಜಾಸ್ತಿ. ಬೆಲೆ ಎರಡು ಪಟ್ಟು ದಾಟುತ್ತದೆ. ಮನೆಯಲ್ಲಿ ನಾಲ್ಕೈದು ಮಾವಿನಮರ ಇದ್ದರೆ, ಅಥವಾ ಅಕ್ಕಪಕ್ಕದ ಎರಡು ಮನೆಯವರು ಸೇರಿ ತಗೊಳ್ಳುವುದಾದರೆ ಅದನ್ನೇ ನೋಡಿ. ಪೇಟೆಯಲ್ಲಿ ಇದ್ದು ಊರಿಂದ ಬಂದ ಒಂದು ಚೀಲ ಉದುರಿದ ಕಾಯಿ, ಜೂನ್‌ನಲ್ಲಿ ನಾಲ್ಕು ಕಿಲೋ ಮಲ್ಲಿಕಾ, ಒಂದೆರಡು ಪೆಟ್ಟಿಗೆ ಪ್ಲಮ್ ಒಣಗಿಸುವ ನನ್ನಂಥವರಿಗೆ ದುಂಡಗಿನದೇ ಸಾಕು. ಕೊಳ್ಳುವ ಮುಂಚೆ ಒಂದು ಕೇಳಿಕೊಳ್ಳಿ: ಬಿಡಿ ತಟ್ಟೆ ಸಿಗುತ್ತದಾ? ಸಿಗುವುದಿಲ್ಲ ಎಂದರೆ ಬೇರೆ ಸ್ಟಿಕರಿನದು ನೋಡಿ, ಯಂತ್ರ ಹೇಗೂ ಅದೇ.